ಸ್ಪ್ಯಾನಿಷ್ ರಿಪೋರ್ಟಲ್ಲಿರೋ ಪಿಸಿಆರ್ ಕೋವಿಡ್ ಟೆಸ್ಟ್ ಅಲ್ಲ

ನಿಮ್ಮ ಅಣ್ಣನ ಸ್ಪ್ಯಾನಿಷ್ ಲ್ಯಾಬ್ ರಿಪೋರ್ಟಲ್ಲಿ ‘ಪಿಸಿಆರ್ 12 ಮಿ.ಗ್ರಾಂ/ಲೀ’ ಅಂತಿದೆ, ಅಂದ್ರೆ ಕೋವಿಡ್ ಪಾಸಿಟಿವ್ವಾ ಅಂತ ಕೇಳಿದೀರ. ಅಲ್ಲ, ಗಾಬರಿ ಬೇಡ. ಇಂಗ್ಲಿಷಲ್ಲಿ ಸಿಆರ್‌ಪಿ ಅಂತೀವಲ್ಲ, ಸಿ-ರಿಯಾಕ್ಟಿವ್ ಪ್ರೋಟೀನ್, ಅದನ್ನೇ ಸ್ಪ್ಯಾನಿಷಲ್ಲಿ ‘ಪ್ರೊತೇಯಿನಾ ಸಿ ರೆಆಕ್ತಿವಾ’ ಅಂತಾರೆ, ಅಲ್ಲಿ ನಾಮಪದ ಮೊದಲು ಬಂದು ವಿಶೇಷಣ ಆಮೇಲೆ ಬರೋದ್ರಿಂದ ಅಕ್ಷರಗಳು ತಿರುಗಿ ಪಿಸಿಆರ್ ಆಗ್ಬಿಡತ್ತೆ. ಇದು ಲಿವರ್ ತಯಾರಿಸೋ ಪ್ರೋಟೀನು, ಮೈಯಲ್ಲಿ ಎಲ್ಲಾದ್ರೂ ಉರಿಯೂತ ಇದ್ರೆ ರಕ್ತದಲ್ಲಿ ಏರತ್ತೆ.

ಕೋವಿಡ್ ಟೈಮಲ್ಲಿ ಕೇಳಿದ ಪಿಸಿಆರ್ ಬೇರೆ, ಪಾಲಿಮರೇಸ್ ಚೈನ್ ರಿಯಾಕ್ಷನ್, ಅಂದ್ರೆ ಡಿಎನ್ಎ ತುಣುಕನ್ನ ಮತ್ತೆ ಮತ್ತೆ ನಕಲು ಮಾಡಿ ಪತ್ತೆ ಹಚ್ಚೋ ವಿಧಾನ, 1983ರಲ್ಲಿ ಅಮೆರಿಕದ ವಿಜ್ಞಾನಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದಿದ್ದು. ಕಷ್ಟ ಏನಪ್ಪಾ ಅಂದ್ರೆ ಸ್ಪ್ಯಾನಿಷಲ್ಲೂ ಅದಕ್ಕೆ ಪಿಸಿಆರ್ ಅಂತಾನೇ ಬರೀತಾರೆ! ಅದಕ್ಕೆ ಪಕ್ಕದಲ್ಲಿರೋ ಯೂನಿಟ್ ನೋಡಿ, ಮಿ.ಗ್ರಾಂ/ಲೀ ಇದ್ರೆ ಪ್ರೋಟೀನು, ಪಾಸಿಟಿವ್-ನೆಗೆಟಿವ್ ಅಂತಿದ್ರೆ ವೈರಸ್ ಟೆಸ್ಟು. ಸ್ಪ್ಯಾನಿಷ್ ಮಾತಾಡೋ ಕಡೆ ಎಮರ್ಜೆನ್ಸಿ ವಾರ್ಡಲ್ಲಿ ಇದೇ ಮೂರಕ್ಷರಕ್ಕೆ ಹೃದಯ, ಉಸಿರು ಎರಡೂ ನಿಂತಿದೆ ಅನ್ನೋ ಅರ್ಥಾನೂ ಇದೆ.

ಅದೇ ರಿಪೋರ್ಟಲ್ಲಿ ಎಡಿಎನ್ ಅಂತ ಕಂಡ್ರೆ ಟೈಪಿಂಗ್ ತಪ್ಪಲ್ಲ, ಡಿಎನ್ಎಗೆ ಸ್ಪ್ಯಾನಿಷಲ್ಲಿ ಹಾಗೆ ಬರೀತಾರೆ ಅಷ್ಟೆ. 12 ಜಾಸ್ತೀನಾ ಅನ್ನೋದಕ್ಕೆ ಪಕ್ಕದಲ್ಲೇ ಆ ಲ್ಯಾಬಿನ ನಾರ್ಮಲ್ ರೇಂಜ್ ಕೊಟ್ಟಿರ್ತಾರೆ, ಅದನ್ನ ನೋಡಿ, ಯಾಕೆ ಏರಿದೆ ಅಂತ ಮಾತ್ರ ಡಾಕ್ಟರ್ ಹತ್ರಾನೇ ಕೇಳಿ.