ಗುಡ್ಡ ಉಳಿಸೋ ಅರ್ಜಿಗೆ ಸಹಿ ಹಾಕಿದ್ದು ಸರಿಯಾ?

ಕ್ಯಾಲಿಫೋರ್ನಿಯಾದ ಅಲಮೀಡ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಓದುಗರೊಬ್ಬರು ಬರೆದಿದ್ದಾರೆ: "ಇಂಡಿಯನ್ ಅಂಗಡಿ ಮುಂದೆ ಕ್ಲಿಪ್‌ಬೋರ್ಡ್ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು 'ಗುಡ್ಡ ಉಳಿಸೋಕೆ ಒಂದು ಸಹಿ' ಅಂದಳು. ಹಾಕಿದೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿಗೆ ಸಿಟ್ಟು ಬಂತು. 'ನಾವೇ ಬಾಡಿಗೆ ಮನೆಯಲ್ಲಿದ್ದೀವಿ. ಹೊಸ ಮನೆ ಕಟ್ಟಬೇಡಿ ಅಂತ ಸಹಿ ಹಾಕಿ ಬಂದಿರಾ?' ಅಂದಳು. ಸಂಪಾದಕರೇ, ಇದು ಮನೆ ಇದ್ದವರು ಬಾಗಿಲು ಹಾಕಿಕೊಳ್ಳುವ ಆಟವಾ? ಹಾಕಿದ ಸಹಿ ವಾಪಸ್ ತೆಗೆದುಕೊಳ್ಳಬಹುದಾ? ನಮ್ಮ ಕರ್ನಾಟಕದಲ್ಲಿ ಇಂಥದ್ದು ಯಾಕಿಲ್ಲ?"

ನಮಸ್ಕಾರ.

ನಿಮ್ಮ ಮನೆಯವರ ಪ್ರಶ್ನೆ ಸರಿಯಾಗೇ ಇದೆ. ಆದರೆ ಉತ್ತರ ಹೇಳಬೇಕಾದರೆ ನೀವು ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಅಂತ ಗೊತ್ತಾಗಬೇಕು. 'ಗುಡ್ಡ ಉಳಿಸಿ' ಅನ್ನೋ ಹೆಸರಲ್ಲಿ ಎರಡು ಬೇರೆ ಬೇರೆ ಜಾತಿಯ ಅರ್ಜಿಗಳು ಓಡಾಡುತ್ತವೆ. ಊರಿನ ಹೊರಗಿನ ಹೊಲ, ಗುಡ್ಡ, ಹುಲ್ಲುಗಾವಲು ಇದ್ದ ಹಾಗೇ ಇರಲಿ, ಬದಲಾಯಿಸೋದಾದರೆ ಮತದಾರರನ್ನು ಕೇಳಿ ಅನ್ನೋದು ಒಂದು ಜಾತಿ. ಊರೊಳಗೆ ಒಟ್ಟು ಇಷ್ಟೇ ಮನೆ, ಅದಕ್ಕಿಂತ ಒಂದೂ ಜಾಸ್ತಿ ಬೇಡ ಅನ್ನೋದು ಇನ್ನೊಂದು. ನಾನಾಗಿದ್ದರೆ ಮೊದಲನೆಯದಕ್ಕೆ ಸಹಿ ಹಾಕುತ್ತಿದ್ದೆ. ಎರಡನೆಯದನ್ನು ಮುಟ್ಟುತ್ತಿರಲಿಲ್ಲ.

ಆ ಸಹಿಯಿಂದ ಏನಾಗುತ್ತದೆ ಅಂತ ಮೊದಲು ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ 1911ರಿಂದ ಜನರೇ ಕಾನೂನು ಬರೆದು ಮತಕ್ಕೆ ಹಾಕಬಹುದು. ಊರಿನ ಮಟ್ಟದ್ದಾದರೆ ನೋಂದಾಯಿತ ಮತದಾರರಲ್ಲಿ ಶೇ 10ರಷ್ಟು ಜನರ ಸಹಿ ಬೇಕು. ಕೌಂಟಿ ಮಟ್ಟದ್ದಾದರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತಗಳ ಶೇ 10. ಸಮಯ 180 ದಿನ. ಸಹಿ ಸಾಕಷ್ಟಿದ್ದರೆ ಊರಿನ ಚುನಾಯಿತ ಕೌನ್ಸಿಲ್ (ಕೌಂಟಿಯದಾದರೆ ಬೋರ್ಡ್) ಅದನ್ನು ಹಾಗೇ ಒಪ್ಪಿಕೊಳ್ಳಬೇಕು, ಇಲ್ಲವೇ ಮತಕ್ಕೆ ಹಾಕಬೇಕು. ಒಂದು ಅಕ್ಷರ ತಿದ್ದುವಂತಿಲ್ಲ. ಹಾಗಾಗಿ ಸಹಿ ಹಾಕಿದ ಮಾತ್ರಕ್ಕೆ ನೀವು ಮತ ಕೊಟ್ಟ ಹಾಗಾಗಲಿಲ್ಲ. 'ಇದನ್ನು ಎಲ್ಲರ ಮುಂದಿಡಿ' ಅಂದಿರಿ, ಅಷ್ಟೇ. ಮತ ಹಾಕೋ ದಿನ ಬೇಡ ಅನ್ನಬಹುದು.

ವಾಪಸ್ ತೆಗೆದುಕೊಳ್ಳಲೂಬಹುದು. ಅರ್ಜಿಯನ್ನು ಸಲ್ಲಿಸುವ ಮೊದಲು, ಊರಿನದಾದರೆ ಸಿಟಿ ಕ್ಲರ್ಕ್‌ಗೆ, ಕೌಂಟಿಯದಾದರೆ ಚುನಾವಣಾ ಕಚೇರಿಗೆ, ಹೆಸರು ತೆಗೆಯಿರಿ ಅಂತ ಬರೆದು ಸಹಿ ಹಾಕಿ ಕೊಟ್ಟರೆ ಸಾಕು. ಅಂದಹಾಗೆ, ನೀವು ಈಚೆಗೆ ಮನೆ ಬದಲಾಯಿಸಿ, ಮತದಾರರ ಪಟ್ಟಿಯಲ್ಲಿ ಇನ್ನೂ ಹಳೇ ವಿಳಾಸವೇ ಇದ್ದರೆ ಆ ಸಹಿ ಎಣಿಕೆಗೇ ಬರಲಿಕ್ಕಿಲ್ಲ. ಬಾಡಿಗೆದಾರರ ಸಹಿ ಜಾಸ್ತಿ ಬಿದ್ದುಹೋಗೋದು ಇಲ್ಲೇ.

ಮುಂದಿನ ಸಲ ಕ್ಲಿಪ್‌ಬೋರ್ಡ್ ಕೈಗೆ ಬಂದಾಗ ಆ ಹಾಳೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಮೇಲೆ ಸರ್ಕಾರಿ ವಕೀಲರು ಬರೆದ ಶೀರ್ಷಿಕೆ, ಸಾರಾಂಶ ಇರುತ್ತದೆ. ಅರ್ಜಿ ಹಿಡಿದವರು ಸಂಬಳಕ್ಕೆ ಬಂದವರೋ ಸ್ವಂತ ಆಸಕ್ತಿಯಿಂದ ಬಂದವರೋ ಅಂತ ಕೇಳುವ ಹಕ್ಕು ನಿಮಗಿದೆ ಅನ್ನೋ ಸಾಲು ಅದರಲ್ಲಿ ಇರಲೇಬೇಕು. ಸುಮ್ನೆ ಕೇಳಿ. ಹಿಂದೆ ಪೂರ್ತಿ ಕಾನೂನಿನ ಪಠ್ಯ ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ. 2016ರಲ್ಲಿ ನಾಪಾ ಕೌಂಟಿಯಲ್ಲಿ ಓಕ್ ಮರಗಳನ್ನೂ ನೀರಿನ ಮೂಲಗಳನ್ನೂ ಉಳಿಸೋ ಅರ್ಜಿಗೆ ಬೇಕಾದಷ್ಟು ಸಹಿ ಬಿದ್ದಿತ್ತು. ಅದು ಉಲ್ಲೇಖಿಸಿದ್ದ ಒಂದು ನಿಯಮಾವಳಿಯ ಪಠ್ಯವನ್ನು ಜೊತೆಗೆ ಸೇರಿಸಿಲ್ಲ ಅಂತ ಇಡೀ ಅರ್ಜಿಯೇ ತಳ್ಳಿಹೋಯಿತು. 2018ರಲ್ಲಿ ಮತ್ತೆ ತಂದರು, ಮತಕ್ಕೂ ಬಂತು, ಕೂದಲೆಳೆ ಅಂತರದಲ್ಲಿ ಸೋತಿತು.

ನಾಪಾ ಅಂದ ಕೂಡಲೇ ನಮ್ಮವರಿಗೆ ವೈನ್ ನೆನಪಾಗುತ್ತದೆ. ಆದರೆ ಈ ವಿಷಯಕ್ಕೆ ಅಲ್ಲಿಗೇ ಹೋಗಬೇಕು. ನೀವೆಲ್ಲ ಕೆಲಸ ಮಾಡುವ ಸಾಂಟಾ ಕ್ಲಾರಾ ಕಣಿವೆ (ಈಗಿನ ಸಿಲಿಕಾನ್ ವ್ಯಾಲಿ) ಒಂದು ಕಾಲಕ್ಕೆ ಏಪ್ರಿಕಾಟ್, ಪ್ಲಮ್ ತೋಟಗಳ ನಾಡು. ಎರಡನೇ ಮಹಾಯುದ್ಧದ ನಂತರ ತೋಟವೆಲ್ಲ ಹೋಗಿ ಲೇಔಟ್ ಬಂತು. ಅದನ್ನು ಕಣ್ಣಾರೆ ನೋಡಿದ್ದ ನಾಪಾ ಕೌಂಟಿ 1968ರಲ್ಲಿ ಕಣಿವೆಯನ್ನು ಕೃಷಿಗೆ ಮೀಸಲಿಟ್ಟಿತು. ಅಲ್ಲಿಯವರೆಗೆ ಒಂದೊಂದು ಎಕರೆಗೆ ಸೀಳಬಹುದಾಗಿದ್ದ ಜಮೀನನ್ನು 20 ಎಕರೆಗಿಂತ ಚಿಕ್ಕದಾಗಿ ಸೀಳುವಂತಿಲ್ಲ ಅಂತಾಯಿತು. ಆಮೇಲೆ ಅದು 40 ಎಕರೆಗೆ ಏರಿತು. ಒಂದು ಎಕರೆ ತುಂಡು ಸೈಟು ಮಾರುವವನಿಗೆ ಬೇಕು. 40 ಎಕರೆ ತುಂಡು ದ್ರಾಕ್ಷಿ ಬೆಳೆಯುವವನಿಗೆ ಮಾತ್ರ ಬೇಕು. (ಬಂಗಲೆ ಕಟ್ಟೋ ಕೋಟ್ಯಧೀಶರಿಗೂ ಬೇಕು ಅನ್ನಿ, ಆ ಮಾತು ಬೇರೆ.)

ತೊಂದರೆ ಇದ್ದದ್ದು ಕೌಂಟಿ ಬೋರ್ಡಿನಲ್ಲಿ. ಐವರು ಸದಸ್ಯರಲ್ಲಿ ಮೂವರು ಕೈ ಎತ್ತಿದರೆ ಮೀಸಲು ಹೋಯಿತು. ಹಾಗಾಗಿ 1990ರಲ್ಲಿ ಜನ ಮೆಷರ್ ಜೆ ತಂದರು (ಮತಕ್ಕೆ ಹಾಕುವ ಪ್ರಸ್ತಾವಕ್ಕೆ ಅಲ್ಲಿ ಮೆಷರ್ ಅಂತಾರೆ). ದ್ರಾಕ್ಷಿ ಬೆಳೆಗಾರ ವೋಲ್ಕರ್ ಐಸೆಲೆ ಮುಂತಾದವರು ಅದಕ್ಕಾಗಿ ಓಡಾಡಿದರು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಬೇಕಾದರೆ ಮತದಾರರು ಒಪ್ಪಬೇಕು, 2020ರವರೆಗೆ ಅನ್ನೋದು ಅದರ ತಿರುಳು. ಕೇಸು ಆಯಿತು. ಭೂಬಳಕೆಯ ಯೋಜನೆ ಮಾಡೋದು ಚುನಾಯಿತರ ಕೆಲಸ, ಜನ ಹೇಗೆ ಕೈ ಹಾಕುತ್ತಾರೆ ಅಂತ ವಿರೋಧಿಗಳ ವಾದ. 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಜನರ ಪರವಾಗಿ ತೀರ್ಪು ಕೊಟ್ಟಿತು. ದಾರಿ ತೆರೆಯಿತು. ಅದೇ ವರ್ಷ ವೆಂಚುರಾ ಊರಿನ ಮತದಾರರು, 1998ರಲ್ಲಿ ಇಡೀ ವೆಂಚುರಾ ಕೌಂಟಿಯವರು ಇಂಥದ್ದೇ ಕಾನೂನು ಮಾಡಿಕೊಂಡರು. ನಾಪಾದವರು 2008ರಲ್ಲಿ ತಮ್ಮದನ್ನು 2058ರವರೆಗೆ ಎಳೆದರು. ವೆಂಚುರಾದವರು 2016ರಲ್ಲಿ ತಮ್ಮದನ್ನು 2050ರವರೆಗೆ.

ನಿಮ್ಮ ಕೌಂಟಿಯ ಕಥೆಯೂ ಇದೇ. 2000ದ ನವೆಂಬರಿನಲ್ಲಿ ಅಲಮೀಡ ಮತದಾರರು ಮೆಷರ್ ಡಿ ಒಪ್ಪಿದರು. ಲಿವರ್‌ಮೋರ್ ಉತ್ತರದ ಬಯಲಲ್ಲಿ 12,500 ಮನೆ ಕಟ್ಟುವ ಯೋಜನೆ ಅಲ್ಲಿಗೇ ನಿಂತಿತು. ಆಲ್ಟಮಾಂಟ್ ಕಡೆ ಹೋಗುವಾಗ ಎಡಕ್ಕೆ ಕಾಣೋ ಗುಡ್ಡಗಳು, ಫೆಬ್ರವರಿಯಲ್ಲಿ ಹಸಿರು, ಜೂನ್ ಹೊತ್ತಿಗೆ ಒಣಹುಲ್ಲು, ಅದರ ಮೇಲೆ ಒಂದಿಷ್ಟು ದನ. ಅವು ಖಾಲಿ ಉಳಿದದ್ದರಲ್ಲಿ ಆ ಮತದ ಪಾಲು ದೊಡ್ಡದು.

ಈಗ ನಿಮ್ಮ ಮನೆಯವರ ಸಿಟ್ಟಿಗೆ ಬರುತ್ತೇನೆ. ಆ 12,500 ಮನೆ ಎಲ್ಲಿ ಹೋದವು? ಬಯಲಲ್ಲಿ ಕಟ್ಟಬೇಡಿ ಅಂದ ಊರು, ಊರೊಳಗೆ, ಬಾರ್ಟ್ ರೈಲು ಸ್ಟೇಷನ್ ಪಕ್ಕ, ಮುಚ್ಚಿಹೋದ ಮಾಲ್‌ನ ಜಾಗದಲ್ಲಿ ಕಟ್ಟಲು ಬಿಡಬೇಕಲ್ವಾ? ಅಲ್ಲೂ ಬೇಡ ಅಂದರೆ ನೀವು ಹೇಳಿದ ಹಾಗೆ ಬಾಗಿಲು ಹಾಕಿಕೊಂಡ ಹಾಗೇ. ನಿಮ್ಮ ಕೌಂಟಿಯದೇ ಊರು ಪ್ಲೆಸಂಟನ್ ಹಾಗೆ ಮಾಡಿತ್ತು. 1996ರಲ್ಲಿ ಅಲ್ಲಿಯ ಮತದಾರರು ಊರಿಗೆ ಒಟ್ಟು 29,000 ಮನೆ ಸಾಕು ಅಂತ ಮಿತಿ ಹಾಕಿಕೊಂಡರು. ಊರಲ್ಲಿ ಆಫೀಸುಗಳು ಬರುತ್ತಲೇ ಇದ್ದವು. ಕೆಲಸಕ್ಕೆ ಬರುವವರು ಮಾತ್ರ ಬೇರೆ ಕಡೆ ಇರಬೇಕು. ಕಡಿಮೆ ಆದಾಯದವರ ಪರವಾಗಿ ಕೇಸು ಬಿತ್ತು, ರಾಜ್ಯವೂ ಸೇರಿಕೊಂಡಿತು, 2010ರಲ್ಲಿ ಕೋರ್ಟು ಆ ಮಿತಿಯನ್ನು ಕಿತ್ತುಹಾಕಿತು. ಅದೇ ಪ್ಲೆಸಂಟನ್ 2008ರಲ್ಲಿ ಕಡಿದಾದ ಇಳಿಜಾರಿನಲ್ಲೂ ಗುಡ್ಡದ ನೆತ್ತಿಯ ಹತ್ತಿರವೂ ಮನೆ ಕಟ್ಟಬಾರದು ಅಂತಲೂ ಮತ ಹಾಕಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ನಾಪಾ ಕೂಡ ಕೈ ತೊಳೆದುಕೊಂಡು ಕೂರುವಂತಿಲ್ಲ. ಅಲ್ಲಿ ದ್ರಾಕ್ಷಿ ಕೀಳುವವರಲ್ಲಿ, ಹೋಟೆಲಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ದಿನಾ ಪಕ್ಕದ ಸೊಲಾನೋ ಕೌಂಟಿಯಿಂದ ಬರುತ್ತಾರೆ. ನಾಪಾದ ಊರೊಳಗೆ ಅವರ ಕೈಗೆಟಕುವ ಬಾಡಿಗೆ ಮನೆ ಇಲ್ಲ. ಬಯಲು ಉಳಿಸಿದ್ದು ತಪ್ಪಲ್ಲ, ಊರೊಳಗೆ ಸಾಕಷ್ಟು ಕಟ್ಟದಿದ್ದದ್ದು ತಪ್ಪು.

ಊರು ಇಲ್ಲಿಗೇ ನಿಲ್ಲಲಿ ಅನ್ನೋ ಹೊರಗಿನ ಗೆರೆಯನ್ನು ಜನ ಕಾಯ್ದರೆ ಅದು ಎಂದೂ ಜರುಗೋದೇ ಇಲ್ಲ ಅಂತಲೂ ಅಲ್ಲ. ವೆಂಚುರಾ ಕೌಂಟಿಯ ಸಾಂಟಾ ಪೌಲಾದಲ್ಲಿ 2008ರಲ್ಲಿ ಊರಿನ ಪೂರ್ವಕ್ಕಿದ್ದ ತೋಟದ ಜಾಗದಲ್ಲಿ ಸುಮಾರು 1,500 ಮನೆ ಕಟ್ಟೋ ಯೋಜನೆ ಮತಕ್ಕೆ ಬಂತು. ಶಾಲೆ, ಪಾರ್ಕು ಸಮೇತ ಎಲ್ಲವನ್ನೂ ಮುಂದಿಟ್ಟು ಕೇಳಿದರು. ಜನ ಭಾರೀ ಬಹುಮತದಿಂದ ಒಪ್ಪಿದರು.

ಇನ್ನೊಂದು ಎಚ್ಚರಿಕೆ. ಈ ಅಸ್ತ್ರ ಬಿಲ್ಡರ್‌ಗಳ ಕೈಯಲ್ಲೂ ಇದೆ. 2018ರಲ್ಲಿ ಸ್ಯಾನ್ ಹೋಸೆಯ ಎವರ್‌ಗ್ರೀನ್ ಗುಡ್ಡಗಳ ಬುಡದಲ್ಲಿ ವಯಸ್ಸಾದವರಿಗೆ 910 ಮನೆ ಅಂತ ಒಂದು ಅರ್ಜಿ ಬಂತು. 'ಹಿರಿಯರಿಗೆ ಮನೆ' ಅಂದರೆ ಯಾರು ಬೇಡ ಅಂತಾರೆ? ಮತದಾರರು ಪೂರ್ತಿ ಓದಿ ಬೇಡ ಅಂದರು. ಮತಕ್ಕೇ ಬಾರದೆ ನಡೆಯುವ ದಾರಿಯೂ ಇದೆ. ದುಡ್ಡು ಕೊಟ್ಟು ಸಹಿ ಸಂಗ್ರಹಿಸಿ, ಕೌನ್ಸಿಲ್ ಅದನ್ನು ನೇರ ಒಪ್ಪಿಬಿಟ್ಟರೆ ಪರಿಸರ ಪರಿಶೀಲನೆಯೂ ಬೇಕಿಲ್ಲ ಅಂತ 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದೆ. ಸೊನೋರಾ ಊರಿನ ವಾಲ್‌ಮಾರ್ಟ್ ವಿಸ್ತರಣೆಯ ಕೇಸದು. ಹಾಗಾಗಿ ಅರ್ಜಿಯ ಹೆಸರು ನೋಡಬೇಡಿ. ಯಾವ ಜಮೀನಿನ ಬಣ್ಣ, ಅಂದರೆ ಬಳಕೆ, ನಕ್ಷೆಯಲ್ಲಿ ಬದಲಾಗುತ್ತದೆ ಅಂತ ನೋಡಿ.

ಕೊನೆಗೆ ಕರ್ನಾಟಕ. ನಮ್ಮಲ್ಲಿ ಜನ ಕಾನೂನು ಬರೆದು ಮತಕ್ಕೆ ಹಾಕುವ ವ್ಯವಸ್ಥೆಯೇ ಇಲ್ಲ. ಮಾಸ್ಟರ್ ಪ್ಲಾನ್ ಪ್ರಾಧಿಕಾರದ್ದು, ಕೊನೆಯ ಒಪ್ಪಿಗೆ ಸರ್ಕಾರದ್ದು. ಜನರ ಪಾಲಿಗೆ ಇರೋದು ಆಕ್ಷೇಪಣೆ ಸಲ್ಲಿಸುವ ಅವಕಾಶ, ಆಮೇಲೆ ಕೋರ್ಟು. ಅದು ಸಣ್ಣ ಅಸ್ತ್ರವೇನಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲು ಖಾಸಗಿ ಟ್ರಸ್ಟ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೇ ಅಲ್ವಾ ಅನ್ನೋ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಾರ್ಕಿನ ಜಾಗ ಪಾರ್ಕಿಗೇ ಅಂದಿತು. ನೀವು ಊರಲ್ಲಿ ಸೈಟು ಇಟ್ಟುಕೊಂಡಿದ್ದರೆ, ಅದರ ಲೇಔಟ್ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗದಲ್ಲಿ ಈಗ ಏನಿದೆ ಅಂತ ಮುಂದಿನ ಸಲ ಹೋದಾಗ ನೋಡಿ ಬರೆಯಿರಿ.

— ಸಂಪಾದಕ