ಜಾಲತಾಣ ಪದೇ ಪದೇ ನಿಂತರೆ ದೊಡ್ಡ ಸರ್ವರೇ ಬೇಕೆ?

ಪ್ರಶ್ನೆ: ನಮ್ಮದು ಸಣ್ಣ ಸಂಶೋಧನಾ ಸಂಸ್ಥೆ. ಹೊಸ ವರದಿ ಬಿಡುಗಡೆಯಾದ ದಿನವೇ ಜಾಲತಾಣ ತೆರೆಯುವುದಿಲ್ಲ. ಕೆಲವೊಮ್ಮೆ ನಡುರಾತ್ರಿಯಲ್ಲೂ ನಿಂತುಬಿಡುತ್ತದೆ. ಹೋಸ್ಟಿಂಗ್ ಕಂಪನಿಯವರು ದೊಡ್ಡ ಸರ್ವರ್ ತೆಗೆದುಕೊಳ್ಳಿ ಅನ್ನುತ್ತಾರೆ. ಸ್ವತಂತ್ರ ಸಲಹೆಗಾರರನ್ನು ಕರೆಸಿದರೆ ಪ್ರಯೋಜನವಿದೆಯೆ?

ಉತ್ತರ: ಸರ್ವರ್ ಮಾರುವವರು ಸರ್ವರ್ ಕೊಳ್ಳಿ ಅನ್ನುವುದು ಸಹಜ. ಏನನ್ನೂ ಮಾರದವರನ್ನು ಕರೆಸಿದರೆ ಕಾರಣ ಮೊದಲು ಗೊತ್ತಾಗುತ್ತದೆ, ಖರೀದಿಯ ಮಾತು ಆಮೇಲೆ. ನಿಮ್ಮ ಎರಡು ತೊಂದರೆಗಳ ಮೂಲ ಬೇರೆ ಬೇರೆ ಇರುವಂತೆ ಕಾಣುತ್ತದೆ.

ಬಿಡುಗಡೆಯ ದಿನದ್ದನ್ನು ನೋಡೋಣ. ವರದಿಯ ಪಿಡಿಎಫ್ 12 ಎಂಬಿ ಇದ್ದು, 500 ಜನ ಒಟ್ಟಿಗೆ ಇಳಿಸಿಕೊಂಡರೆ 6 ಜಿಬಿ ಆಯಿತು. 100 ಎಂಬಿಪಿಎಸ್ ಸಂಪರ್ಕದಲ್ಲಿ ಅಷ್ಟು ಸಾಗಲು ಎಂಟು ನಿಮಿಷ ಬೇಕು, ಅದೂ ಬೇರೆ ಯಾರೂ ತಾಣಕ್ಕೆ ಬಾರದಿದ್ದರೆ. ಇದಕ್ಕೆ ಪರಿಹಾರ ಪಿಡಿಎಫ್‌ಗಳನ್ನು ಸಿಡಿಎನ್‌ಗೆ, ಅಂದರೆ ಹಲವು ಊರುಗಳಲ್ಲಿ ಪ್ರತಿ ಇಟ್ಟು ಹಂಚುವ ಸರ್ವರ್ ಜಾಲಕ್ಕೆ, ಸಾಗಿಸುವುದು. ಸರ್ವರ್ ದೊಡ್ಡದು ಮಾಡಿ ಸಂಪರ್ಕವನ್ನು ಹಾಗೇ ಬಿಟ್ಟರೆ ಸಾಲು ಕರಗುವುದಿಲ್ಲ.

ಬಿಡುಗಡೆಯ ದಿನದ ಇನ್ನೊಂದು ಲೆಕ್ಕ ಮೆಮೊರಿಯದು. ಸರ್ವರ್‌ನಲ್ಲಿ 8 ಜಿಬಿ ಇದೆ, ಪುಟಗಳನ್ನು ಕಳಿಸುವ ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯ ಒಂದೊಂದು ಪಿಎಚ್‌ಪಿ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) 80 ಎಂಬಿ ತಿನ್ನುತ್ತದೆ ಅಂದುಕೊಳ್ಳಿ. 150 ಪ್ರೊಸೆಸ್‌ಗಳಿಗೆ ಅನುಮತಿ ಕೊಟ್ಟಿದ್ದರೆ 12 ಜಿಬಿ ಬೇಕಾಗುತ್ತದೆ. ಮೆಮೊರಿ ಮುಗಿದಾಗ ಲಿನಕ್ಸ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರೊಸೆಸ್ಸನ್ನೇ ಕೊಲ್ಲುತ್ತದೆ; ಎಷ್ಟೋ ಸಲ ಅದು ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್. ತಪ್ಪು ಅಪಾಚೆಯದು, ಸಾಯುವುದು ಡೇಟಾಬೇಸ್! ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಸಿಕ್ಕರೆ ಅನುಮಾನ ಬೇಡ. ಡೇಟಾಬೇಸ್‌ಗೂ ಉಳಿದದ್ದಕ್ಕೂ 4 ಜಿಬಿ ಬಿಟ್ಟು, ಪ್ರೊಸೆಸ್ ಮಿತಿಯನ್ನು 50ಕ್ಕೆ ಇಳಿಸಬೇಕು. ಮಿತಿ ದಾಟಿದವರು ಸ್ವಲ್ಪ ಕಾಯುತ್ತಾರೆ, ತಾಣ ಮಾತ್ರ ಬೀಳುವುದಿಲ್ಲ.

ನಡುರಾತ್ರಿಯದಕ್ಕೆ ಮೊದಲು ನೋಡಬೇಕಾದದ್ದು ಕ್ರಾನ್ ಪಟ್ಟಿ, ಅಂದರೆ ಸರ್ವರ್ ಗೊತ್ತಾದ ಹೊತ್ತಿಗೆ ತಾನಾಗಿಯೇ ಮಾಡುವ ಕೆಲಸಗಳ ಪಟ್ಟಿ. ಬ್ಯಾಕಪ್ ಆ ಹೊತ್ತಿಗೇ ಶುರುವಾಗಿ ಟೇಬಲ್‌ಗಳನ್ನು ಲಾಕ್ ಮಾಡುತ್ತಿರಬಹುದು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಬಗೆಯ ಟೇಬಲ್‌ಗಳಾದರೆ, ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಕೊಟ್ಟರೆ ಈ ಕಾಟ ತಪ್ಪುತ್ತದೆ. ಆಮೇಲೆ ಡಿಸ್ಕ್: ಜಾಗ ಇದ್ದೂ ಐನೋಡ್ (ಪ್ರತಿ ಫೈಲ್‌ಗೂ ಬೇಕಾಗುವ ದಾಖಲೆಯ ಸ್ಥಾನ) ಮುಗಿದಿರಬಹುದು. ಲಕ್ಷಗಟ್ಟಲೆ ಸಣ್ಣ ಸೆಷನ್ ಫೈಲ್‌ಗಳು ಬಿದ್ದಿರುವ ಕಡೆ ಇದು ಮಾಮೂಲು.

ಸಂಶೋಧನಾ ತಾಣಗಳ ನಿಜವಾದ ಪೀಡೆ ಬಾಟ್‌ಗಳು, ಅಂದರೆ ತಾವಾಗಿಯೇ ಪುಟಗಳನ್ನು ತೆರೆಯುತ್ತ ಹೋಗುವ ಪ್ರೋಗ್ರಾಂಗಳು. ಲೇಖಕ, ವರ್ಷ, ವಿಷಯ ಎಂದು ಸೋಸುವ ಹುಡುಕಾಟದ ಪುಟವಿದ್ದರೆ ಅವುಗಳ ಜೋಡಣೆಯಿಂದಲೇ ಲಕ್ಷಾಂತರ ಲಿಂಕ್ ಹುಟ್ಟುತ್ತವೆ. ಬಾಟ್ ಒಂದೊಂದನ್ನೂ ತೆರೆಯುತ್ತದೆ, ಪ್ರತಿಸಲವೂ ಡೇಟಾಬೇಸ್ ದುಡಿಯುತ್ತದೆ. ಬಾಟ್‌ಗಳು ಎಲ್ಲಿಗೆ ಬರಬಾರದು ಎಂದು ತಿಳಿಸುವ ರೋಬೋಟ್ಸ್ ಫೈಲ್‌ನಲ್ಲಿ ಹುಡುಕಾಟದ ವಿಳಾಸಗಳನ್ನು ನಿಷೇಧಿಸಿ. ಅದನ್ನು ಲೆಕ್ಕಿಸದ ಬಾಟ್‌ಗಳೂ ಇವೆ, ಅವಕ್ಕೆ ವೆಬ್ ಸರ್ವರ್‌ನಲ್ಲೇ ವೇಗಮಿತಿ ಹಾಕಬೇಕು. ಆದರೆ ಒಂದು ವಿಶ್ವವಿದ್ಯಾಲಯದ ಎಲ್ಲರೂ ಒಂದೇ ಐಪಿ ವಿಳಾಸದಿಂದ ಬರುವುದುಂಟು. ಮಿತಿಯನ್ನು ತೀರಾ ಬಿಗಿ ಮಾಡಿದರೆ ಓದುಗರೇ ಹೊರಗುಳಿಯುತ್ತಾರೆ.

ಪ್ರಶ್ನೆ: ಸಲಹೆಗಾರರೊಂದಿಗಿನ ಒಪ್ಪಂದದಲ್ಲಿ ಏನೇನು ಬರೆಸಬೇಕು? ಪಾಸ್‌ವರ್ಡ್‌ಗಳನ್ನು ಕೊಟ್ಟುಬಿಡಬಹುದೆ?

ಉತ್ತರ: ಬೇಡ. ಅವರ ಹೆಸರಿನಲ್ಲೇ ಪ್ರತ್ಯೇಕ ಖಾತೆ ತೆರೆಯಿರಿ. ತಪಾಸಣೆಯ ಹಂತದಲ್ಲಿ ಓದುವ ಅನುಮತಿ ಸಾಕು. ಕೆಲಸ ಮುಗಿದ ದಿನ ಆ ಖಾತೆ ಮುಚ್ಚಬೇಕು. ಡೊಮೇನ್ ನೋಂದಣಿ ಸಂಸ್ಥೆಯ ಹೆಸರಿನಲ್ಲೇ ಇರಲಿ, ಸಂಪರ್ಕಕ್ಕೆ ಸಿಬ್ಬಂದಿಯೊಬ್ಬರ ಖಾಸಗಿ ಇಮೇಲ್ ಕೊಡಬೇಡಿ. ಅವರು ಕೆಲಸ ಬಿಟ್ಟರೆ ನವೀಕರಣದ ಸೂಚನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಡೊಮೇನ್ ಅವಧಿ ಮುಗಿದರೆ ತಾಣದ ಜೊತೆ ಇಮೇಲ್ ಕೂಡ ಹೋಯಿತು.

ಹಣವನ್ನು ಗಂಟೆ ಲೆಕ್ಕದಲ್ಲಿ ಕೊಡುವುದಕ್ಕಿಂತ ಕೈಗೆ ಬರುವ ಕೆಲಸಕ್ಕೆ ಕೊಡುವುದು ಒಳ್ಳೆಯದು. ದೋಷಗಳ ವರದಿ ಅಪಾಯದ ಕ್ರಮದಲ್ಲಿರಲಿ. ಬದಲಿಸಿದ ಎಲ್ಲ ಕಾನ್ಫಿಗರೇಷನ್ ಫೈಲ್‌ಗಳು, ಪ್ರತಿ ಬದಲಾವಣೆಯ ದಾಖಲೆ ಇಡುವ ನಿಮ್ಮದೇ ಗಿಟ್ ಭಂಡಾರದಲ್ಲಿರಲಿ. ತಾಣ ನಿಂತರೆ ಮೊದಲು ಏನು ನೋಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬ ಎರಡು ಪುಟದ ಕೈಪಿಡಿಯನ್ನೂ ಕೇಳಿ. ಹೋಸ್ಟಿಂಗ್ ಕಂಪನಿಯಿಂದ ಕಮಿಷನ್ ಪಡೆಯುವುದಿಲ್ಲವೆಂದು ಬರೆದುಕೊಡಲು ಹಿಂಜರಿಯುವವರನ್ನು ಸ್ವತಂತ್ರರೆಂದು ಕರೆಯುವುದು ಕಷ್ಟ.

ಸರ್ವರ್ ಬದಲಿಸಲೇಬೇಕಾಗಿ ಬಂದರೆ ಡಿಎನ್‌ಎಸ್‌ನ (ಡೊಮೇನ್ ಹೆಸರಿಗೆ ಸರ್ವರ್ ವಿಳಾಸ ತಿಳಿಸುವ ವ್ಯವಸ್ಥೆ) ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿಯನ್ನು, ಹಿಂದಿನ ದಿನವೇ 86400 ಸೆಕೆಂಡ್‌ನಿಂದ 300ಕ್ಕೆ ಇಳಿಸಿರಬೇಕು. ಹಳೆಯ ವರದಿಗಳ ವಿಳಾಸ ಬದಲಾದರೆ ಹೊಸ ವಿಳಾಸಕ್ಕೆ ಕಾಯಂ ಆಗಿ ಕಳಿಸುವ 301 ಮರುನಿರ್ದೇಶನ ಹಾಕಿಸಿ, ಡಿಒಐ (ವರದಿಯ ಶಾಶ್ವತ ಗುರುತಿನ ಸಂಖ್ಯೆ) ದಾಖಲೆಗಳನ್ನೂ ತಿದ್ದಿಸಿ. ಬೇರೆಯವರ ಅಡಿಟಿಪ್ಪಣಿಗಳಲ್ಲಿ ಆ ಲಿಂಕ್‌ಗಳು ಅಚ್ಚಾಗಿಹೋಗಿರುತ್ತವೆ.

ಪ್ರಶ್ನೆ: ತಾಣ ನಿಂತದ್ದು ನಮಗೆ ಓದುಗರ ಇಮೇಲ್‌ನಿಂದಲೇ ಗೊತ್ತಾಗುತ್ತದೆ. ನಿಗಾ ಇಡುವುದು ಹೇಗೆ?

ಉತ್ತರ: ಹೊರಗಿನ ಎರಡು ಬೇರೆ ಜಾಗಗಳಿಂದ ನಿಮಿಷಕ್ಕೊಮ್ಮೆ ತಪಾಸಣೆಯಾಗಲಿ. ಮುಖಪುಟ ಒಂದನ್ನೇ ನೋಡಿದರೆ ಸಾಲದು. ಅದು ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದ, ಬರುತ್ತಿದ್ದರೆ ಡೇಟಾಬೇಸ್ ಸತ್ತರೂ ಚೆನ್ನಾಗಿಯೇ ಕಾಣುತ್ತದೆ. ಹುಡುಕಾಟದ ಪುಟ ತೆರೆದು, ಫಲಿತಾಂಶದಲ್ಲಿ ಗೊತ್ತಿರುವ ಒಂದು ಶೀರ್ಷಿಕೆ ಬಂದಿದೆಯೇ ಎಂದು ಪರೀಕ್ಷಿಸಬೇಕು. ದೋಷದ ಪುಟವನ್ನೂ ‘ಎಲ್ಲ ಸರಿ’ ಎಂದು ಹೇಳುವ 200 ಸಂಕೇತದೊಂದಿಗೆ ಕಳಿಸುವ ತಂತ್ರಾಂಶಗಳಿವೆ. ಸತತ ಎರಡು ಸಲ ವಿಫಲವಾದ ಮೇಲೆ ಇಬ್ಬರಿಗೆ ಎಚ್ಚರಿಕೆ ಹೋಗಲಿ. ಒಂದೇ ಸಲಕ್ಕೆ ಕೂಗಿದರೆ ಸುಳ್ಳು ಕರೆ ಹೆಚ್ಚಿ, ಯಾರೂ ಗಮನಿಸದಂತಾಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್ (ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಪ್ರಮಾಣಪತ್ರ) ಬಳಸುತ್ತಿದ್ದರೆ, 20 ದಿನ ಉಳಿದಾಗಲೂ ನವೀಕರಣ ಆಗದಿದ್ದಲ್ಲಿ ಎಚ್ಚರಿಕೆ ಬರುವಂತೆ ಮಾಡಿ.

ಪ್ರಶ್ನೆ: ಬ್ಯಾಕಪ್ ದಿನವೂ ಆಗುತ್ತಿದೆ. ಸಾಕಲ್ಲವೆ?

ಉತ್ತರ: ಅದೇ ಸರ್ವರ್‌ನಲ್ಲಿ ಇಟ್ಟಿದ್ದರೆ ಸಾಲದು. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಬೇರೆ ಜಾಗದಲ್ಲಿ. ಮೂರು ತಿಂಗಳಿಗೊಮ್ಮೆ ಖಾಲಿ ಸರ್ವರ್‌ಗೆ ಮರುಸ್ಥಾಪಿಸಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಡೇಟಾಬೇಸ್ ಬಂದು ಪಿಡಿಎಫ್ ಫೋಲ್ಡರ್ ಬಿಟ್ಟುಹೋಗಿರುವುದು ಆಗಲೇ ಗೊತ್ತಾಗುವುದು.

ಪ್ರಶ್ನೆ: ಹೋಸ್ಟಿಂಗ್ ಕಂಪನಿಯವರು ಹೇಳುವ 99.9 ಶೇಕಡಾ ಲಭ್ಯತೆ ಎಂದರೆ?

ಉತ್ತರ: 30 ದಿನದಲ್ಲಿ 43 ನಿಮಿಷ ನಿಲ್ಲಬಹುದು ಎಂದರ್ಥ. ಆ ಭರವಸೆ ಸಾಮಾನ್ಯವಾಗಿ ಯಂತ್ರಕ್ಕೂ ಸಂಪರ್ಕಕ್ಕೂ ಮಾತ್ರ. ನಿಮ್ಮ ಡೇಟಾಬೇಸ್ ಸತ್ತು ಬಿದ್ದ ನಿಮಿಷಗಳು ಅವರ ಲೆಕ್ಕಕ್ಕೆ ಬರುವುದಿಲ್ಲ.