‘ಹೇಡಿ’ ಅಂತ ಬರೆಯುವ ಮುಂಚೆ

ನಮಸ್ಕಾರ,

ನೀವು ಕಳಿಸಿದ ‘ಓಡಿಹೋದ ಕ್ಯಾಪ್ಟನ್’ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಬಂಡೆಗೆ ಬಡಿದ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ಬಗ್ಗೆ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೂ ಖುಷಿಯೇ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ದಿನದಿಂದ ಇದು ತಲೆಯಲ್ಲೇ ಕೂತಿದೆ, ಸ್ವಲ್ಪ ಸಿಟ್ಟೂ ಬಂದಿದೆ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: “ಫ್ರಾನ್ಸೆಸ್ಕೋ ಸ್ಕೆಟ್ಟೀನೋ ಎಂಬ ಹೇಡಿಯ ಕೈಯಲ್ಲಿತ್ತು ಆ ಹಡಗು.” ಆರಂಭದಲ್ಲೇ ತೀರ್ಪು ಕೊಟ್ಟುಬಿಟ್ಟರೆ ಓದುವವರು ಮುಂದೆ ಯಾಕೆ ಓದಬೇಕು? ಅದೂ ಅಲ್ಲದೆ, ಬಂಡೆಗೆ ಬಡಿಯುವ ಹೊತ್ತಿಗೆ ಆತನಲ್ಲಿ ಭಯವೇ ಇರಲಿಲ್ಲ. ದ್ವೀಪಕ್ಕೊಂದು ಸಲಾಮು ಹೊಡೆಯಲು ಅಷ್ಟು ದೊಡ್ಡ ಹಡಗನ್ನು ದಡದ ಪಕ್ಕಕ್ಕೇ ತಂದಿದ್ದ. ಹೇಡಿ ಅಂದ ಕೂಡಲೇ ಆ ತಪ್ಪು ಮರೆಯಾಗುತ್ತದೆ.

ಎರಡನೇ ಸಾಲು: “ಹಡಗು ಬಡಿದ ತಕ್ಷಣ ಆತ ಕಾಲ್ಕಿತ್ತ.” ತಕ್ಷಣ? ಬಡಿದದ್ದು 9.45ಕ್ಕೆ. ಹಡಗು ಬಿಡಿ ಎಂಬ ಆದೇಶ ಬಂದದ್ದು 10.54ರ ಸುಮಾರಿಗೆ. ಎಂಜಿನ್ ಕೋಣೆಗೆ ನೀರು ನುಗ್ಗಿದೆ ಅಂತ ಗೊತ್ತಿದ್ದೂ ಹಡಗಿನವರು ಕರಾವಳಿ ಕಾವಲು ಪಡೆಗೆ ‘ಕರೆಂಟ್ ಹೋಗಿದೆ’ ಅಂದರು, ಪ್ರಯಾಣಿಕರಿಗೂ ಅದನ್ನೇ ಹೇಳಿದರು. ಒಳಗೆ 4,200ಕ್ಕೂ ಹೆಚ್ಚು ಜನ. ಹಡಗು ವಾಲುತ್ತಾ ಹೋಯಿತು, ಕೊನೆಗೆ ಕೆಲವು ಲೈಫ್‌ಬೋಟ್‌ಗಳನ್ನು ಇಳಿಸಲು ಆಗಲೇ ಇಲ್ಲ. 32 ಜನ ಸತ್ತರು. ನಿಮ್ಮ ‘ತಕ್ಷಣ’ ಆ ಒಂದು ಗಂಟೆ ಒಂಬತ್ತು ನಿಮಿಷವನ್ನು ಪೂರ್ತಿ ನುಂಗಿಬಿಟ್ಟಿದೆ.

ಆಮೇಲೆ ಮೂರು ಪುಟ ಬರೀ ಫೋನ್ ಮಾತು. ಅಷ್ಟರಲ್ಲಿ ಹಡಗು ಬಿಟ್ಟಿದ್ದ ಸ್ಕೆಟ್ಟೀನೋಗೆ ಕಾವಲು ಪಡೆಯ ಅಧಿಕಾರಿ ದೆ ಫಾಲ್ಕೋ ‘ವಾಪಸ್ ಹಡಗು ಹತ್ತು’ ಅಂತ ಗದರಿದ್ದು. ಅದು ರೋಮಾಂಚನ ತರುತ್ತದೆ, ನಿಜ. ಆದರೆ 2015ರಲ್ಲಿ ಇಟಲಿಯ ಗ್ರೋಸೆಟೋ ಕೋರ್ಟ್ ಆತನಿಗೆ ಕೊಟ್ಟ 16 ವರ್ಷದ ಜೈಲು ಶಿಕ್ಷೆಯನ್ನು ಬಿಡಿಸಿ ನೋಡಿ. ಸಾವುಗಳಿಗೆ 10, ಹಡಗು ಒಡೆದದ್ದಕ್ಕೆ 5, ಪ್ರಯಾಣಿಕರನ್ನು ಬಿಟ್ಟು ಹೋದದ್ದಕ್ಕೆ 1. ನೀವು ಆ ಒಂದು ವರ್ಷದ ಬಗ್ಗೆ ಮಾತ್ರ ಬರೆದಿದ್ದೀರಿ.

“ಕ್ಯಾಪ್ಟನ್ ಆದವನು ಹಡಗಿನ ಜೊತೆ ಮುಳುಗಬೇಕು” ಅನ್ನುವ ಸಾಲನ್ನಂತೂ ದಯವಿಟ್ಟು ತೆಗೆಯಿರಿ. ಇಟಲಿಯ ಕಾನೂನು ಕೇಳುವುದು ಕೊನೆಯವನಾಗಿ ಇಳಿ ಅಂತ. ಯಾವ ಡೆಕ್ಕಿನಲ್ಲಿ ಎಷ್ಟು ಜನ ಉಳಿದಿದ್ದಾರೆ, ಯಾವ ಬೋಟು ಇಳಿದಿದೆ, ಸಿಬ್ಬಂದಿಗೆ ಮುಂದೇನು ಹೇಳಬೇಕು ಅಂತ ನೋಡಿಕೊಳ್ಳಲು ಆತ ಬದುಕಿರಬೇಕು, ಅಲ್ಲೇ ಇರಬೇಕು. ಆತ ಸತ್ತರೆ ಯಾರಿಗೆ ಏನು ಉಪಯೋಗ ಹೇಳಿ?

ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಬಸ್ಸೊಂದು ಹಳ್ಳಕ್ಕೆ ಉರುಳಿದ ಸುದ್ದಿ ಬರೆದಿದ್ದೆ. ಕೊನೆಗೆ ರೂಢಿಯಂತೆ ‘ಚಾಲಕ ಪರಾರಿಯಾಗಿದ್ದಾನೆ’ ಅಂತ ಸೇರಿಸಿದ್ದೆ. ಹಿರಿಯ ಉಪಸಂಪಾದಕರು ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, “ಯಾವಾಗ ಓಡಿದ? ಅದಕ್ಕೂ ಮುಂಚೆ ಏನು ಮಾಡ್ತಿದ್ದ?” ಅಂದರು. ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಆ ಊರಿಗೆ ಹೋಗಿ ಕೇಳಿದೆ. ಓಡಿದ್ದು ನಿಜ, ಜನ ಹೊಡೆಯಲು ಬಂದಾಗ. ಅದಕ್ಕೂ ಮುಂಚೆ ಕಿಟಕಿ ಒಡೆದು ಮೂರು ಮಕ್ಕಳನ್ನು ಹೊರಗೆ ಎಳೆದಿದ್ದ. ಇನ್ನೂ ಮುಂಚೆ, ತಿರುವಿನಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡಲು ಹೋಗಿದ್ದೂ ಅವನೇ. ಮೂರನ್ನೂ ಬರೆದೆ. ಅವನು ಎಂಥವನು ಅಂತ ನಾನು ಹೇಳಲಿಲ್ಲ, ಆದರೆ ಆ ಸುದ್ದಿ ಓದಿ ಊರಿನವರು ಎರಡು ವಾರ ಜಗಳ ಆಡಿದರು.

ಸ್ಕೆಟ್ಟೀನೋನನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅವನ ಮೇಲೆ ನಿಮಗಿಂತ ಜಾಸ್ತಿ ಸಿಟ್ಟು ನನಗಿದೆ. ‘ಹೇಡಿ’ ಪದ ಹನ್ನೊಂದು ಕಡೆ ಇದೆ, ಎಲ್ಲವನ್ನೂ ತೆಗೆಯಿರಿ. 9.45ರಿಂದ 10.54ರವರೆಗೆ ಏನೇನಾಯಿತು ಅಂತ ಸುಮ್ನೆ ನಿಮಿಷ ನಿಮಿಷವಾಗಿ ಬರೆದು ಕಳಿಸಿ. ಉದ್ದವಾದರೂ ಪರವಾಗಿಲ್ಲ, ಜಾಗ ಮಾಡಿಕೊಡುತ್ತೇನೆ.